ನೀರಿಗೆ ಎದ್ದವರ ನಮಾಝ್

"ಕಾಕಾ, ನಿಮ್ದು ಎಷ್ಟ್ ದಿನದ್ ತರಾವಿ ಐತ್ರಿ?"

ಕುರ್ಲಾದ ನಮ್ಮ ಬಿಲ್ಡಿಂಗಿನ ಲಿಫ್ಟಿನಲ್ಲಿ ಹೀಗೆ ಕೇಳಿದವನು ಕಲಬುರಗಿ ಕಡೆಯ ಹುಡುಗ. ನಮಗಿಂತ ಒಂದು ಮಾಳಿಗೆ ಕೆಳಗೆ ನಾಲ್ಕು ಜನ ಸೇರಿ ಬಾಡಿಗೆಗಿದ್ದಾರೆ. ಬೈಕಿನಲ್ಲಿ ಮನೆಮನೆಗೆ ಊಟ ತಲುಪಿಸುವ ಕೆಲಸ. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಬಂಟ್ವಾಳದ ಆಚೆ ನಮ್ಮ ಹಳ್ಳಿಯಲ್ಲಿ ಈ ಪ್ರಶ್ನೆಗೆ ಅರ್ಥವೇ ಇಲ್ಲ. ಅಲ್ಲಿ ತರಾವೀಹ್, ಅಂದರೆ ರಂಝಾನಿನ ರಾತ್ರಿಯ ವಿಶೇಷ ನಮಾಝ್, ತಿಂಗಳ ಚಂದ್ರ ಕಂಡ ರಾತ್ರಿಯಿಂದ ಪೆರ್ನಾಲಿನ (ಈದಿನ) ಚಂದ್ರ ಕಾಣುವವರೆಗೆ. ಇಪ್ಪತ್ತೊಂಬತ್ತೋ ಮೂವತ್ತೋ, ಅದು ಆಕಾಶಕ್ಕೆ ಬಿಟ್ಟ ಲೆಕ್ಕ. ಮುಂಬಯಿಯಲ್ಲಿ 5 ದಿನದ್ದು, 10 ದಿನದ್ದು, 15 ದಿನದ್ದು ಎಂದೆಲ್ಲ ಬೇರೆ ಬೇರೆ ಇವೆ. ಅಷ್ಟು ರಾತ್ರಿಗಳಲ್ಲಿ ಹಾಫಿಝರು, ಅಂದರೆ ಕುರ್‌ಆನ್ ಬಾಯಿಪಾಠ ಇರುವವರು, ನಮಾಝಿನಲ್ಲಿ ನಿಂತು ಇಡೀ ಕುರ್‌ಆನ್ ಓದಿ ಮುಗಿಸುತ್ತಾರೆ.

"ಹತ್ ದಿನದ್ದು ಹಿಡದೀನ್ರಿ. ಆಮ್ಯಾಲ ಛುಟ್ಟಿ. ಈದ್ ತನಕಾ ರಾತ್ರಿ ಆರ್ಡರ್ ಭಾಳ ಇರ್ತಾವ" ಅಂದ. ಅಂದವನು ಏನೋ ಕದ್ದು ಸಿಕ್ಕಿಬಿದ್ದವನ ಹಾಗೆ ನೆಲ ನೋಡಿದ. ಲಿಫ್ಟ್ ನಿಂತಿತು, ಇಳಿದುಹೋದ.

ಅವನು ನೆಲ ನೋಡಿದ್ದು ನನ್ನನ್ನು ಕೊರೆಯುತ್ತಿದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಹತ್ತು ದಿನದ ಲೆಕ್ಕ ನೋಡೋಣ. ಕುರ್‌ಆನಿನಲ್ಲಿ 30 ಜುಝ್, ಅಂದರೆ ಭಾಗ. ಸಾಮಾನ್ಯವಾಗಿ ಸಿಗುವ ಮದೀನಾ ಮುದ್ರಣದಲ್ಲಿ ಒಂದು ಜುಝ್‌ಗೆ ಸುಮಾರು 20 ಪುಟ. ನಮಾಝಿನಲ್ಲಿ ನಿಂತು, ಬಾಗಿ, ಸಾಷ್ಟಾಂಗ ಮಾಡುವ ಒಂದು ಸುತ್ತಿಗೆ ರಕಅತ್ ಅನ್ನುತ್ತಾರೆ. ರಾತ್ರಿಗೊಂದು ಜುಝ್, 20 ರಕಅತ್ ಅಂದರೆ ರಕಅತ್ತಿಗೆ ಒಂದು ಪುಟ, ಆರಾಮ. ಹತ್ತು ದಿನಕ್ಕೆ ಮುಗಿಸಬೇಕಾದರೆ ರಕಅತ್ತಿಗೆ ಮೂರು ಪುಟ. ಐದು ದಿನವಾದರೆ ಆರು. ಓದುವವನ ನಾಲಿಗೆ ವಿರಾರ್ ಫಾಸ್ಟ್ ಲೋಕಲ್ ಆಗುತ್ತದೆ, ಸಣ್ಣ ಸ್ಟೇಷನ್‌ಗಳಲ್ಲಿ ನಿಲ್ಲುವುದಿಲ್ಲ. ಉರ್ದು ಮಾತಾಡುವವರಲ್ಲಿ ಒಂದು ಹಳೇ ತಮಾಷೆಯಿದೆ: ಅಂಥ ತರಾವೀಹ್‌ನಲ್ಲಿ ಕಿವಿಗೆ ಬೀಳುವುದು ಆಯತಿನ (ವಚನದ) ಕೊನೆಯ "ಯಅ್‌ಲಮೂನ್, ತಅ್‌ಲಮೂನ್" ಮಾತ್ರ. ಕುರ್‌ಆನನ್ನು ತರ್ತೀಲಿನಿಂದ, ಅಂದರೆ ಬಿಡಿಸಿ ಬಿಡಿಸಿ, ಓದು ಎಂಬ ಆಜ್ಞೆ ಬರುವುದೂ ರಾತ್ರಿ ನಮಾಝಿನ ಮಾತು ಬರುವ ಅದೇ ಮುಝ್ಝಮ್ಮಿಲ್ ಅಧ್ಯಾಯದಲ್ಲಿ. ಹಾಗಾಗಿ ಆ ವೇಗ ನನಗೆ ಹಿಡಿಸುವುದಿಲ್ಲ, ಅದನ್ನು ಮುಚ್ಚಿಡುವುದಿಲ್ಲ.

ಆದರೆ ಆ ಪದ್ಧತಿ ಬೆಳೆದದ್ದು ಸೋಮಾರಿತನದಿಂದಲ್ಲ. ಮೊಹಮ್ಮದ್ ಅಲಿ ರೋಡು, ಕ್ರಾಫರ್ಡ್ ಮಾರ್ಕೆಟ್, ಭೆಂಡಿ ಬಜಾರ್ ಕಡೆ ರಂಝಾನಿನ ಕೊನೆಯ ಹತ್ತು ರಾತ್ರಿ ಕಂಡವರಿಗೆ ಗೊತ್ತು. ಬಟ್ಟೆಯವನಿಗೆ, ಚಪ್ಪಲಿಯವನಿಗೆ ವರ್ಷದ ವ್ಯಾಪಾರ ಆಗುವುದೇ ಆ ರಾತ್ರಿಗಳಲ್ಲಿ. ಮೊದಲೇ ಒಂದು ಖತಂ, ಅಂದರೆ ಪೂರ್ತಿ ಓದು, ಕೇಳಿಬಿಡೋಣ ಎಂದು ಅವರು ಯೋಚಿಸಿದರೆ ಅದರಲ್ಲಿ ಆಸೆಯೇ ಇದೆ, ಅಸಡ್ಡೆಯಲ್ಲ. ತಪ್ಪಾಗುವುದು ಆ "ಛುಟ್ಟಿ" ಎಂಬ ಮಾತಿನಲ್ಲಿ. ಖತಂ ಮುಗಿಯಬಹುದು, ತರಾವೀಹ್ ಮುಗಿಯುವುದಿಲ್ಲ, ಅದು ರಂಝಾನಿನ ಪ್ರತಿ ರಾತ್ರಿಯದು. ಹನ್ನೊಂದನೇ ರಾತ್ರಿ ಗಿರಾಕಿ ಕಡಿಮೆಯಾದ ಮೇಲೆ ಅಂಗಡಿಯ ಒಳಗೇ ಚಿಕ್ಕ ಚಿಕ್ಕ ಸೂರಃ (ಅಧ್ಯಾಯ) ಓದಿ ನಿಂತರೂ ಅದು ತರಾವೀಹೇ. ಇದನ್ನು ಆ ಹುಡುಗನಿಗೆ ಯಾರೂ ಹೇಳಿಲ್ಲ.

ನನಗೆ ಹೇಳಿದವರೊಬ್ಬರಿದ್ದರು.

1989ರಲ್ಲಿ ಹದಿನಾಲ್ಕರ ನಾನು ಮುಂಬಯಿಗೆ ಬಂದು ಫೋರ್ಟಿನ ಒಂದು ಕ್ಯಾಂಟೀನಿನಲ್ಲಿ ಟೇಬಲ್ ಒರೆಸುವ ಕೆಲಸಕ್ಕೆ ಸೇರಿದೆ. ಧಣಿ ನಮ್ಮೂರ ಕಡೆಯ ಬಂಟರು. ಸಂಜೆ ಆರಕ್ಕೆ ನಮ್ಮನ್ನು ಬಿಟ್ಟು, "ಹೋಗಿ ಎರಡಕ್ಷರ ಕಲಿಯಿರಿ ಮಾರಾಯ್ರೆ, ಇಲ್ಲಾಂದ್ರೆ ಕೊನೇವರೆಗೂ ಬಟ್ಟೆಯೇ ಗತಿ" ಅನ್ನುತ್ತಿದ್ದರು. ಬಟ್ಟೆ ಅಂದರೆ ಟೇಬಲ್ ಒರೆಸುವ ಬಟ್ಟೆ. ಕನ್ನಡ ರಾತ್ರಿ ಶಾಲೆಗಳು ಮುಂಬಯಿಯ ಎಷ್ಟು ಹೋಟೆಲ್ ಮಾಣಿಗಳನ್ನು ಮನುಷ್ಯರನ್ನಾಗಿ ಮಾಡಿವೆ ಎಂಬುದು ಬೇರೆಯೇ ಬರಹದ ವಿಷಯ. ನಮ್ಮ ಶಾಲೆ ಬಿಡುತ್ತಿದ್ದದ್ದು ಒಂಬತ್ತೂವರೆಗೆ. ರಂಝಾನ್ ಬಂದಾಗ ಪೇಚಿಗೆ ಬಿತ್ತು. ನಾನು ಮಸೀದಿ ಮುಟ್ಟುವಾಗ ಜಮಾಅತ್, ಅಂದರೆ ಎಲ್ಲರೂ ಸಾಲಾಗಿ ನಿಂತು ಮಾಡುವ ನಮಾಝ್, ಹದಿನಾರನೆಯ ರಕಅತ್ತಿನಲ್ಲೋ ಕೊನೆಗೆ ಬರುವ ವಿತ್ರ್‌ನಲ್ಲೋ ಇರುತ್ತಿತ್ತು.

ಅದರ ಮೇಲೆ ಇನ್ನೊಂದು ಫಜೀತಿ. ನಾವು ಬ್ಯಾರಿಗಳು ಶಾಫಿ, ಹತ್ತಿರದ ಮಸೀದಿ ಹನಫಿ. ನಮಾಝಿನ ಕ್ರಮದಲ್ಲಿ ಕೊಂಚ ಬೇರೆಯಿರುವ ಎರಡು ಪಂಥ. ಮೊದಲ ದಿನ ಕುರ್‌ಆನಿನ ಮೊದಲ ಅಧ್ಯಾಯ ಫಾತಿಹಾ ಮುಗಿದದ್ದೇ ನಾನೊಬ್ಬನೇ ಗಟ್ಟಿಯಾಗಿ "ಆಮೀನ್" ಅಂದೆ, ಊರಲ್ಲಿ ಅಂದ ಹಾಗೆ. ಪಕ್ಕದವರು ಬೆಚ್ಚಿಬಿದ್ದರು. ವಿತ್ರ್‌ನ ಮೂರನೇ ರಕಅತ್ತಿನಲ್ಲಿ ಇಮಾಮರು ಓದು ಮುಗಿಸಿ "ಅಲ್ಲಾಹು ಅಕ್ಬರ್" ಅಂದರು, ನಾನು ರುಕೂವಿಗೆ ಬಾಗಿದೆ. ಬಾಗಿದಲ್ಲಿಂದ ಕಣ್ಣೋರೆಯಲ್ಲಿ ನೋಡಿದರೆ ಸಾಲಿನ ಕಾಲುಗಳೆಲ್ಲ ನೆಟ್ಟಗೆ ನಿಂತಿವೆ! ಹನಫಿಗಳು ಅಲ್ಲಿ ತಕ್ಬೀರ್ ಹೇಳಿ, ನಿಂತೇ ಮೆಲ್ಲಗೆ ಕುನೂತ್ ಎಂಬ ಪ್ರಾರ್ಥನೆ ಓದುತ್ತಾರೆ, ವರ್ಷವಿಡೀ. ನಮ್ಮಲ್ಲಿ ವಿತ್ರ್‌ನ ಕುನೂತ್ ರಂಝಾನಿನ ಎರಡನೇ ಅರ್ಧದಲ್ಲಿ ಮಾತ್ರ, ಅದೂ ರುಕೂವಿನಿಂದ ಎದ್ದ ಮೇಲೆ. ಹದಿನಾಲ್ಕರ ಹುಡುಗನಿಗೆ ಇದೆಲ್ಲ ಹೇಗೆ ಗೊತ್ತಿರಬೇಕು? ನನ್ನ ನಮಾಝ್ ಹಾಳಾಯಿತು, ನಾಳೆಯಿಂದ ಬರುವುದೇ ಇಲ್ಲ ಎಂದುಕೊಂಡು ಹೊರಬಿದ್ದೆ.

ಕ್ಯಾಂಟೀನಿನ ಮಗ್ಗುಲಲ್ಲಿ ಬೀಡಾ ಗೂಡಂಗಡಿ ಇಟ್ಟಿದ್ದ ಒಬ್ಬರು ಬ್ಯಾರಿ ಕಾಕ ಇದ್ದರು, ಉಪ್ಪಿನಂಗಡಿ ಕಡೆಯವರು. ಅವರ ಮುಂದೆ ಅತ್ತುಕೊಂಡೆ. ಅವರು ನಕ್ಕು ನಕ್ಕು ಕೆಮ್ಮಿದರು. ಮರುದಿನ ಕ್ರಾಫರ್ಡ್ ಮಾರ್ಕೆಟ್ ಹತ್ತಿರದ ಜಾಮಾ ಮಸೀದಿಗೆ ಕರೆದೊಯ್ದರು. 1802ರಲ್ಲಿ ಕಟ್ಟಿ ಮುಗಿದ ಮಸೀದಿ ಅದು, ಕೊಂಕಣಿ ಮುಸ್ಲಿಮರದು, ಅವರೂ ನಮ್ಮಂತೆ ಶಾಫಿಗಳು. ಒಳಗೆ ಕಲ್ಲಿನ ಕಮಾನುಗಳ ಕೆಳಗೆ ಒಂದು ಕೆರೆಯಷ್ಟು ನೀರು, ಅದರಲ್ಲಿ ಮೀನು. ಊರಿನ ಪಳ್ಳಿಯ (ಮಸೀದಿಯ) ಕೊಳ ನೆನಪಾಗಿ ಗಂಟಲು ಕಟ್ಟಿತು.

"ತಡ ಆಗ್ತದೆ ಕಾಕ, ಶಾಲೆ ಉಂಟಲ್ಲ" ಅಂದೆ.

"ತಡ ಅಂದ್ರೆ ಎಂತದು ಮೋನೇ? ರಾತ್ರಿ ಇಶಾ ನಮಾಝ್ ಆದ ಮೇಲೆ ಬೆಳಗಿನ ಸುಬಹಿ ಬಾಂಗಿನವರೆಗೆ ತರಾವೀಹಿಗೆ ಹೊತ್ತು ಉಂಟು. ಅದೇನು ರೇಷನ್ ಅಂಗಡಿಯಾ ಒಂಬತ್ತೂವರೆಗೆ ಬಾಗಿಲು ಹಾಕ್ಲಿಕ್ಕೆ? ಜಮಾಅತ್ ಸಿಕ್ಕಿದ್ರೆ ಒಳ್ಳೇದು. ಸಿಕ್ಕದಿದ್ರೆ ಖೋಲಿಗೆ ಬಾ, ನಿಲ್ಲು. ನಿನ್ನ ಉಮ್ಮ ಯಾವ ಜಮಾಅತ್ತಿಗೆ ಹೋಗ್ತಾಳೆ?"

ಕೊನೆಯ ಪ್ರಶ್ನೆ ನನ್ನ ಬಾಯಿ ಮುಚ್ಚಿಸಿತು. ಉಮ್ಮ ಎಲ್ಲರ ಊಟ ಮುಗಿಸಿ, ಪಾತ್ರೆ ತೊಳೆದು, ಚಾಪೆ ಬಿಡಿಸಿ ಒಬ್ಬಳೇ ನಿಲ್ಲುತ್ತಿದ್ದಳು. "ಅಲಂ ತರ"ದಿಂದ ಕುರ್‌ಆನಿನ ಕೊನೆಯವರೆಗೆ ಹತ್ತು ಚಿಕ್ಕ ಸೂರಃಗಳು. ಎರಡು ಸುತ್ತು ಓದಿದರೆ ಇಪ್ಪತ್ತು ರಕಅತ್. ಬೆರಳೆಣಿಸಬೇಕಾಗಿಲ್ಲ, ಲೆಕ್ಕ ತಪ್ಪುವುದಿಲ್ಲ. ಪ್ರತಿ ನಾಲ್ಕು ರಕಅತ್ತಿಗೊಮ್ಮೆ ಗೋಡೆಗೊರಗಿ ಕೂತು ಸೆರಗಿನಲ್ಲಿ ಗಾಳಿ ಹಾಕಿಕೊಳ್ಳುತ್ತಿದ್ದಳು. ತರಾವೀಹ್ ಎಂಬ ಹೆಸರು ಬಂದದ್ದೇ ಆ ದಣಿವಾರಿಸಿಕೊಳ್ಳುವ ವಿರಾಮದಿಂದ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಈಗಿನ ನಮ್ಮ ಓಟದಲ್ಲಿ ಆ ವಿರಾಮವೇ ಕಾಣೆಯಾಗಿದೆ, ಹೆಸರು ಮಾತ್ರ ಉಳಿದಿದೆ.

ಪ್ರವಾದಿ (ಸ) ತಾವೇ ಇದನ್ನು ಹೇಗೆ ನಡೆಸಿದರು ಎಂಬುದನ್ನು ಅವರ ಪತ್ನಿ ಆಯಿಶಾ (ರ) ಹೇಳಿದ್ದಾರೆ. ರಂಝಾನಿನ ಕೆಲವು ರಾತ್ರಿ ಅವರು ಮಸೀದಿಯಲ್ಲಿ ನಮಾಝ್ ಮಾಡಿದರು, ಸುದ್ದಿ ಹಬ್ಬಿ ದಿನದಿಂದ ದಿನಕ್ಕೆ ಜನ ಹೆಚ್ಚಾದರು, ಮಸೀದಿ ತುಂಬಿಹೋಯಿತು. ಆ ರಾತ್ರಿ ಅವರು ಹೊರಗೆ ಬರಲೇ ಇಲ್ಲ. ಬೆಳಿಗ್ಗೆ ಅಂದರು: ನೀವು ಕಾದಿದ್ದು ನನಗೆ ಗೊತ್ತು, ಇದು ನಿಮ್ಮ ಮೇಲೆ ಫರ್ಳ್ (ಕಡ್ಡಾಯ) ಆಗಿಬಿಟ್ಟೀತೆಂದು ಹೆದರಿದೆ. ಇದನ್ನು ಓದಿದಾಗಲೆಲ್ಲ ನಾನು ಸುಮ್ಮನಾಗುತ್ತೇನೆ. ಯಾವ ನಾಯಕ ತನ್ನ ಹಿಂದೆ ಜನ ಸೇರಿದ್ದಕ್ಕೆ ಒಳಗೆ ಕೂರುತ್ತಾನೆ? ಮುಂದೆ ಎರಡನೇ ಖಲೀಫ ಉಮರ್ (ರ) ಕಾಲದಲ್ಲಿ, ಫರ್ಳ್ ಆಗುವ ಭಯ ಇಲ್ಲದಾದ ಮೇಲೆ, ಅಲ್ಲೊಬ್ಬ ಇಲ್ಲೊಬ್ಬ ನಿಂತಿದ್ದವರನ್ನು ಉಬಯ್ಯ್ ಇಬ್ನ್ ಕಅಬ್ (ರ) ಹಿಂದೆ ಒಂದೇ ಸಾಲಿಗೆ ತಂದರು. ಅದನ್ನು ನೋಡಿ ಉಮರ್ ಖುಷಿಪಟ್ಟರು. ಅದರ ಜೊತೆಗೇ ಒಂದು ಮಾತು ಸೇರಿಸಿದರು: ಈಗ ನಿಲ್ಲುವುದಕ್ಕಿಂತ ಇವರು ಮಲಗಿ ಕಳೆಯುವ ಹೊತ್ತು ಹೆಚ್ಚಿನದು. ಅಂದರೆ ರಾತ್ರಿಯ ಕೊನೆಯ ಭಾಗ. ಮೊದಲ ಮಾತನ್ನು ಎಲ್ಲ ಉಸ್ತಾದರೂ ಹೇಳುತ್ತಾರೆ, ಎರಡನೆಯದನ್ನು ಕೇಳಿದ್ದು ಕಡಿಮೆ.

ತರಾವೀಹ್ 8 ರಕಅತ್ತೋ 20ಓ ಎಂಬ ಜಗಳವನ್ನು ನಾನಿಲ್ಲಿ ಎತ್ತುವುದಿಲ್ಲ. ನಮ್ಮ ಕುಟುಂಬದ ವಾಟ್ಸ್ಯಾಪ್ ಗುಂಪಿನಲ್ಲಿ ಅದು ರಂಝಾನಿನ ಹಿಂದಿನ ತಿಂಗಳು ಶಅಬಾನಿನಲ್ಲೇ ಶುರುವಾಗಿ ಇಬ್ಬರು ಗುಂಪು ಬಿಟ್ಟುಹೋಗುವಲ್ಲಿಗೆ ಮುಟ್ಟುತ್ತದೆ. ನಾನು 20ರವನು. 8 ಮಾಡಿ ಎದ್ದುಹೋಗುವವರ ಚಪ್ಪಲಿ ಸದ್ದು ಎಣಿಸುವುದು ನನ್ನ ಕೆಲಸವಲ್ಲ. 2020ರಲ್ಲಿ ಕೊರೊನಾ ಬಂದಾಗ ಮೆಕ್ಕಾದ ದೊಡ್ಡ ಮಸೀದಿ ಹರಮ್‌ನಲ್ಲೇ 20ನ್ನು 10ಕ್ಕೆ ಇಳಿಸಿದರು. ನಮ್ಮ ಮಸೀದಿಗಳೆಲ್ಲ ಮುಚ್ಚಿದ್ದವು. ಮನೆಯ ಹಾಲಿನಲ್ಲಿ ಹೆಂಡತಿ, ಇಬ್ಬರು ಹೆಣ್ಣುಮಕ್ಕಳನ್ನು ಹಿಂದೆ ನಿಲ್ಲಿಸಿಕೊಂಡು ನಾನು ಇಮಾಮ್! ಉಮ್ಮನ ಆ ಹತ್ತು ಸೂರಃಗಳೇ ಆಸರೆ. ಎರಡನೇ ಸುತ್ತಿನಲ್ಲಿ ಒಂದನ್ನು ಹಾರಿಸಿದೆ, ಹಿಂದಿನಿಂದ ಹೆಂಡತಿ ಚಪ್ಪಾಳೆ ತಟ್ಟಿದಳು. ಇಮಾಮ್ ಎಡವಿದರೆ ಹೆಂಗಸರು ಎಚ್ಚರಿಸಬೇಕಾದದ್ದು ಹಾಗೆಯೇ. ಮಕ್ಕಳಿಗೆ ನಗು ತಡೆಯಲಾಗಲಿಲ್ಲ.

ಈಗ ಮುಝ್ಝಮ್ಮಿಲ್ ಅಧ್ಯಾಯಕ್ಕೆ ಬರುತ್ತೇನೆ. ಅದರ ಆರಂಭ ಕಠಿಣ: ಹೊದ್ದುಕೊಂಡವನೇ, ಸ್ವಲ್ಪ ಹೊತ್ತು ಬಿಟ್ಟು ರಾತ್ರಿಯಿಡೀ ನಿಲ್ಲು. ಆಗ ಅದು ಕಡ್ಡಾಯವಾಗಿತ್ತು, ಪ್ರವಾದಿಯೂ ಸಂಗಡಿಗರೂ ಕಾಲು ಊದುವವರೆಗೆ ನಿಂತರು. ಅದೇ ಅಧ್ಯಾಯದ ಕೊನೆಯ ಆಯತ್ ಇಳಿದದ್ದು ಒಂದು ವರ್ಷದ ಮೇಲೆ ಎಂದು ಆಯಿಶಾ (ರ) ಹೇಳುತ್ತಾರೆ. ಅದು ಹೊರೆ ಇಳಿಸಿತು: ನಿಮಗೆ ಸಾಧ್ಯವಾದಷ್ಟು ಓದಿಕೊಳ್ಳಿ. ಕಾರಣವನ್ನೂ ಕೊಟ್ಟಿದೆ. ನಿಮ್ಮಲ್ಲಿ ಕಾಯಿಲೆಯವರಿರುತ್ತಾರೆ, ಅಲ್ಲಾಹನ ಅನುಗ್ರಹ ಅರಸುತ್ತ ಭೂಮಿಯಲ್ಲಿ ಅಲೆಯುವವರು ಇರುತ್ತಾರೆ, ಅವನ ಮಾರ್ಗದಲ್ಲಿ ಹೋರಾಡುವವರಿರುತ್ತಾರೆ. ಆ ನಡುವಿನವರು ಯಾರು ಮಾರಾಯ್ರೆ? ಹೊಟ್ಟೆಪಾಡಿಗೆ ಊರು ಬಿಟ್ಟವರು. ಬಂಟ್ವಾಳದಿಂದ ಫೋರ್ಟಿಗೆ ಬಂದ ಮಾಣಿ, ಕಲಬುರಗಿಯಿಂದ ಕುರ್ಲಾಕ್ಕೆ ಬಂದ ಬೈಕಿನವನು. ಕಾಯಿಲೆಯವನಿಗೂ ಹೋರಾಡುವವನಿಗೂ ನಡುವೆ ನಮಗೊಂದು ಜಾಗ ಇಟ್ಟಿದೆ. ಆ ಹುಡುಗ ನೆಲ ನೋಡಬೇಕಾದ್ದಿಲ್ಲ.

ರಂಝಾನ್ ಮುಗಿದ ಮೇಲಿನ ರಾತ್ರಿಗಳದ್ದು ಬೇರೆ ಕಥೆ. ಕಾಕನ ಚಾಳಿನ ಖೋಲಿಯಲ್ಲಿ ಏಳೆಂಟು ಜನ ಇದ್ದೆವು, ಕಾಲಿಗೆ ತಲೆ ಕೊಟ್ಟು ಮಲಗುತ್ತಿದ್ದೆವು. ಮುನಿಸಿಪಾಲಿಟಿ ನೀರು ಬರುತ್ತಿದ್ದದ್ದು ಬೆಳಗಿನ ಜಾವ ನಾಲ್ಕಕ್ಕೆ, ಮುಕ್ಕಾಲು ಗಂಟೆ ಮಾತ್ರ. ನೀರಿಗಿಂತ ಮೊದಲು ಖಾಲಿ ನಲ್ಲಿಯಲ್ಲಿ ಗಾಳಿ ಸುಯ್ಯೆಂದು ಬುಸುಗುಡುತ್ತಿತ್ತು. ಆ ಸದ್ದಿಗೇ ಎಚ್ಚರವಾಗುತ್ತಿತ್ತು. ಎಲ್ಲರಿಗಿಂತ ಚಿಕ್ಕವನಾದ್ದರಿಂದ ನೀರು ಹಿಡಿಯುವುದು ನನ್ನ ಪಾಳಿ. ಡ್ರಮ್ಮು ತುಂಬಲು ಸುಮಾರು ಹೊತ್ತು ಬೇಕು, ಪಕ್ಕ ಬಿಟ್ಟು ಹೋಗುವಂತಿಲ್ಲ, ಹೋದರೆ ಪಕ್ಕದ ಖೋಲಿಯವರು ಕೊಡ ಇಡುತ್ತಾರೆ. ಒಂದು ದಿನ ಕಾಕ ಎದ್ದು ಬಂದು, "ಹೇಗೂ ಎದ್ದಿದ್ದಿ, ನೀರೂ ಬಂದಿದೆ, ಕೈಕಾಲು ತೊಳೆದು ವುಳೂ ಮಾಡಿ ಎರಡು ರಕಅತ್ ನಿಂತರೆ ನಿನ್ನ ಗಂಟೇನು ಹೋಗ್ತದೆ?" ಅಂದರು. ಮೋರಿಯ ಪಕ್ಕ ಗೋಣಿ ಹಾಸಿ ನಿಂತೆ. ಮಲಗಿ ಎದ್ದು ಮಾಡುವ ಆ ನಮಾಝಿಗೆ ತಹಜ್ಜುದ್ ಎಂಬ ದೊಡ್ಡ ಹೆಸರಿದೆ ಎಂದು ಕಾಕ ಹೇಳಲಿಲ್ಲ. ಹೇಳಿದ್ದರೆ ಹೆದರಿ ಬಿಡುತ್ತಿದ್ದೆನೋ ಏನೋ.

ಅಲ್ಲಾಹನಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಚಿಕ್ಕದಾದರೂ ಬಿಡದೆ ನಡೆಸಿದ ಕೆಲಸ ಎಂಬ ಹದೀಸ್ ಎಲ್ಲರ ಬಾಯಲ್ಲಿದೆ. ನಾನೇನೂ ಬಿಡದೆ ನಡೆಸಿದವನಲ್ಲ. ಮದುವೆಯಾಗಿ, ಅಂಗಡಿಯಾಗಿ, ಈ ಬಿಲ್ಡಿಂಗಿಗೆ ಬಂದ ಮೇಲೆ ವರ್ಷಗಟ್ಟಲೆ ಬಿಟ್ಟುಹೋಗಿತ್ತು. ಇಲ್ಲಿ ಮೇಲೆ ಟಾಂಕಿ ಇದೆ, ಹೊತ್ತು ಗೊತ್ತಿಲ್ಲದೆ ನೀರಿದೆ, ಎಬ್ಬಿಸುವ ಗಾಳಿಯ ಸದ್ದಿಲ್ಲ. ಕಾಕ ತೀರಿಕೊಂಡ ಸುದ್ದಿ ಬಂದ ರಾತ್ರಿ ನಿದ್ದೆ ಬರದೆ ಎದ್ದವನು ಮತ್ತೆ ಹಿಡಿದೆ. ಈಗ ಮೊಬೈಲಿನ ಅಲಾರಂ. ವಾರದಲ್ಲಿ ಎರಡು ಸಲ ಅದನ್ನು ಬಾಯಿ ಮುಚ್ಚಿಸಿ ಮಗ್ಗುಲು ಬದಲಿಸುತ್ತೇನೆ, ಸುಳ್ಳು ಯಾಕೆ ಹೇಳಲಿ.

ನಾಲ್ಕು ದಿನದ ಹಿಂದೆ ಹುಡುಗ ಮತ್ತೆ ಲಿಫ್ಟಿನಲ್ಲಿ ಸಿಕ್ಕ. ಹತ್ತನೇ ರಾತ್ರಿ ಕಳೆದಿತ್ತು. ಆ ಆಯತಿನ ಮಾತು ಹೇಳಿದೆ. "ನಮ್ಮಂಥವರದ್ದೂ ಬರ್ದಾದೇನ್ರಿ ಅದ್ರಾಗ?" ಅಂದ. ಬರೆದಿದೆ ಅಂದೆ. ಕೆಲಸ ಮುಗಿದ ಮೇಲೆ ಎಷ್ಟಾಗುತ್ತದೋ ಅಷ್ಟು, ಸುಬಹಿಯ ತನಕ ಹೊತ್ತಿದೆ ಅಂದೆ. ಅದಕ್ಕಿಂತ ಹೆಚ್ಚು ಹೇಳಲು ನಾನೇನು ಉಸ್ತಾದನಲ್ಲ.

ನಿನ್ನೆ ರಾತ್ರಿ ಎರಡೂವರೆಗೆ ಕೆಳಗೆ ಬೈಕ್ ನಿಂತ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಕೆಳಗಿನ ಮನೆಯ ನಲ್ಲಿ ತಿರುಗಿಸಿದ್ದು ಪೈಪಿನೊಳಗಿಂದ ನಮ್ಮ ಬಚ್ಚಲಿನವರೆಗೂ ಕೇಳಿಸಿತು. ವುಳೂಗೋ, ದಿನವಿಡೀ ಸುತ್ತಿದ ಧೂಳು ತೊಳೆದುಕೊಳ್ಳುವುದಕ್ಕೋ, ನನಗ್ಯಾಕೆ.