ಅವರು ಭವಿಷ್ಯ ಹೇಳಿದವರಲ್ಲ

ತೀರಿಕೊಂಡ ನಮ್ಮ ಮೇಷ್ಟ್ರ ಬಗ್ಗೆ ಬಂದ ಲೇಖನವೊಂದರಲ್ಲಿ 'ಕೊಡಗಿನ 2018ರ ಭೂಕುಸಿತವನ್ನು ಮೇಷ್ಟ್ರು ಮೊದಲೇ ಹೇಳಿದ್ದರು' ಎಂದಿದೆ. ಇದನ್ನು ಓದಿದ್ದರೆ ಮೊದಲು ಸಿಟ್ಟಾಗುತ್ತಿದ್ದವರು ಅವರೇ. ಕಾಫಿ ಬೆಳೆಗಾರರು ಡೈರಿಯಲ್ಲಿ ಇಂಚು, ಸೆಂಟು (ಇಂಚಿನ ನೂರನೇ ಒಂದು ಭಾಗ) ಅಂತ ಬರೆದಿಡುವ ಹಳೆಯ ಮಳೆ ಲೆಕ್ಕ ಹುಡುಕಿಕೊಂಡು ಅವರ ಜೊತೆ ತೋಟ ತೋಟ ತಿರುಗಿದವನು ನಾನು. ಗೆದ್ದಲು ತಿಂದ ಒಂದು ಡೈರಿಯ ಮುಂದೆ ಅರ್ಧ ದಿನ ಕೂತಿದ್ದರು, ಊಟಕ್ಕೂ ಏಳಲಿಲ್ಲ. ಕಾಫಿ ಗಿಡ ಹೂ ಬಿಡಿಸುವ ಮಾರ್ಚಿನ ಹೂಮಳೆ ಜನವರಿಯಲ್ಲೇ ಸುರಿದು, ಕೊಯ್ಲು ಮುಗಿಯುವ ಮೊದಲೇ ರೊಬಸ್ಟಾ ಕಾಫಿ ಹೂ ಬಿಟ್ಟಾಗಲೂ ಅವರದು ಒಂದೇ ಮಾತು: "ಒಂದು ವರ್ಷ ನೋಡಿ ಹವಾಮಾನ ಬದಲಾಯ್ತು ಅನ್ನಬೇಡ, 30 ವರ್ಷದ ಲೆಕ್ಕ ತಾ."

2018ರಲ್ಲಿ ಮಳೆ ವಿಪರೀತ ಬಂತು, ನಿಜ. ಆದರೆ ರಸ್ತೆಗೆ, ಕಟ್ಟಡಕ್ಕೆ ಗುಡ್ಡವನ್ನು ನೆಟ್ಟಗೆ ಕಡಿದದ್ದು ಮಳೆಯಲ್ಲ, ಅಲ್ವಾ? ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯೂ ಇಳಿಜಾರು ಕಡಿದದ್ದನ್ನೇ ಬೊಟ್ಟು ಮಾಡಿತ್ತು. ಎಲ್ಲವನ್ನೂ ಹವಾಮಾನದ ತಲೆಗೆ ಕಟ್ಟಿದರೆ ಜೆಸಿಬಿ ತರಿಸಿದವರು ಆರಾಮಾಗಿರುತ್ತಾರೆ ಎಂದು ಮೇಷ್ಟ್ರು ಗೊಣಗುತ್ತಿದ್ದರು. ಲೇಖನದಲ್ಲಿ ಈ ಗೊಣಗಾಟವೇ ಇಲ್ಲ.

ಅವರ ಮಳೆಮಾಪಕ ಈಗ ನಮ್ಮ ಅಂಗಳದಲ್ಲಿದೆ. ಬೆಳಿಗ್ಗೆ ಸರಿಯಾಗಿ 8.30ಕ್ಕೆ ನೋಡಬೇಕು. ಒಂಬತ್ತಕ್ಕೆ ನೋಡಿದ ದಿನ ಬೈಯುವವರಿಲ್ಲ.