ಜೇಬಿನಲ್ಲೊಂದು ಅಲಗು, ಮುಂಗೈಯಲ್ಲೊಂದು ಬಯಲು

ಹನ್ನೊಂದು ವರ್ಷಗಳಿಂದ ನನ್ನ ಪ್ಯಾಂಟಿನ ಬಲಜೇಬಿನಲ್ಲಿ ಒಂದು ಮಡಿಚುವ ಚಾಕು ಠಿಕಾಣಿ ಹೂಡಿದೆ. ಮಡಿಚಿದಾಗ ಅದರ ಉದ್ದ 91 ಮಿಲಿಮೀಟರ್. ಕೆಂಪು ಹಿಡಿಯೊಳಗೆ ಎರಡು ಅಲಗುಗಳು, ಡಬ್ಬಿಯ ಮುಚ್ಚಳ ಕೊಯ್ಯುವ ಒಂದು ಕೊಕ್ಕು, ಸ್ಕ್ರೂಡ್ರೈವರ್, ಬೆನ್ನಿಗೆ ಒಂದು ದಬ್ಬಳ, ಜೊತೆಗೆ ದಾರ ಕಟ್ಟಿದ ಪೊಟ್ಟಣವನ್ನು ನೇತುಹಾಕಿಕೊಂಡು ಹೋಗಲೆಂದೇ ಮಾಡಿದ ಒಂದು ಕೊಕ್ಕೆ ಇವೆ. ದಾರ ಕಟ್ಟಿದ ಪೊಟ್ಟಣ ನನ್ನ ಕೈಗೆ ಬಂದು ಎಷ್ಟು ಕಾಲವಾಯಿತೋ ನೆನಪಿಲ್ಲ, ಆದರೆ ಬಂದರೆ ನಾನು ಸಿದ್ಧನಿದ್ದೇನೆ.

ಈ ಕುಲದ ಮೂಲಪುರುಷನೆನ್ನಬಹುದಾದ ಚಾಕುವನ್ನು ಕಾರ್ಲ್ ಎಲ್ಸೆನರ್ ಎಂಬವರು 1891ರಲ್ಲಿ ಸ್ವಿಟ್ಜರ್ಲೆಂಡಿನ ಸೈನ್ಯಕ್ಕೆ ಪೂರೈಸಿದರು. ಅದರ ಸ್ಕ್ರೂಡ್ರೈವರ್ ಇದ್ದದ್ದು ಸೈನಿಕನು ತನ್ನ ಬಂದೂಕನ್ನು ಬಿಚ್ಚಲಿಕ್ಕೆ, ಕೊಕ್ಕು ಇದ್ದದ್ದು ಡಬ್ಬಿಯಲ್ಲಿ ಬರುವ ಊಟವನ್ನು ತೆರೆಯಲಿಕ್ಕೆ. 1897ರಲ್ಲಿ ಅಧಿಕಾರಿಗಳಿಗೆಂದು ಬಂದ ಮಾದರಿಗೆ ಬಾಟಲಿಯ ಬಿರಡೆ ಕೀಳುವ ತಿರುಪೊಂದು ಸೇರಿಕೊಂಡಿತು. ಸೈನಿಕರಿಗೂ ಅಧಿಕಾರಿಗಳಿಗೂ ಇರುವ ವ್ಯತ್ಯಾಸವನ್ನು ಇದಕ್ಕಿಂತ ಚಿಕ್ಕದಾಗಿ ಯಾರೂ ಹೇಳಿರಲಾರರು. ನನಗೋ ಬಂದೂಕೂ ಇಲ್ಲ, ಬಿರಡೆಯೂ ಇಲ್ಲ. ನನ್ನ ಪಾಲಿಗೆ ಬಂದದ್ದು ಮನೆಗೆ ಬರುವ ರಟ್ಟಿನ ಪೆಟ್ಟಿಗೆಗಳು.

ರಟ್ಟು ನೋಡಲಿಕ್ಕೆ ಸಾಧುಪ್ರಾಣಿ. ಆದರೆ ಅಲಗಿನ ಬಾಯಿಯನ್ನು ಅದು ಸವೆಸುವಷ್ಟು ಬೇಗ ಹಗ್ಗವಾಗಲಿ ಮರವಾಗಲಿ ಸವೆಸುವುದು ಅಪರೂಪವೆಂಬುದು ನನ್ನ ಅನುಭವ. ಹೀಗೆ ಮೊಂಡಾದ ಚಾಕುವನ್ನು ಮೊಂಡಾಗಿಯೇ ಬಳಸುತ್ತಾ ಹೋದವನಿಗೆ ಒಂದು ದಿನ ಪಾಠವಾಗಲೇಬೇಕು. ಹರಿತವಾದ ಅಲಗು ಹೇಳಿದ ಕಡೆ ಹೋಗುತ್ತದೆ, ಮೊಂಡಾದದ್ದನ್ನು ಒತ್ತಬೇಕಾಗುತ್ತದೆ, ಒತ್ತಿದ ಅಲಗು ಜಾರಿದರೆ ಆ ಒತ್ತಡವೆಲ್ಲ ಎದುರಿಗಿರುವ ಹೆಬ್ಬೆರಳಿಗೆ ಸಲ್ಲುತ್ತದೆ. ನನ್ನ ವಿಷಯದಲ್ಲಿ ಇನ್ನೊಂದು ಸೊಗಸು ಸೇರಿತ್ತು. ಬೆಲ್ಟಿಗೆ ತೂತು ಕೊರೆಯಲೆಂದು ನಾನು ಅಲಗಿನ ಮೊನೆಯನ್ನು ಊರಿ ಒತ್ತಿದೆ. ಈ ಬಗೆಯ ಚಾಕುವಿನಲ್ಲಿ ಅಲಗನ್ನು ಹಿಡಿದಿಡುವುದು ಬೆನ್ನಿನ ಸ್ಪ್ರಿಂಗ್ ಮಾತ್ರ, ಬೀಗವೆಂಬುದಿಲ್ಲ. ಆದ್ದರಿಂದ ಅದು ತನ್ನ ಸ್ವಭಾವಕ್ಕೆ ಅನುಗುಣವಾಗಿ, ನನ್ನ ತೋರುಬೆರಳನ್ನು ಒಳಗಿಟ್ಟುಕೊಂಡೇ ಮಡಿಚಿಕೊಂಡಿತು. ತೂತು ಕೊರೆಯಲೆಂದೇ ಇರುವ ದಬ್ಬಳ ಅದೇ ಚಾಕುವಿನ ಬೆನ್ನಿನಲ್ಲಿ ತಣ್ಣಗೆ ಮಲಗಿತ್ತೆಂಬುದನ್ನು, ನಾನು ಬೆರಳಿಗೆ ಬಟ್ಟೆ ಸುತ್ತಿಕೊಳ್ಳುತ್ತಿರುವಾಗಲೇ ನನ್ನ ಹೆಂಡತಿ ನೆನಪಿಸಿದಳು.

ಆ ಗಾಯ ಮಾಯುವುದರೊಳಗೆ ಮಸೆಯುವ ಕಲ್ಲುಗಳು ಮನೆಗೆ ಬಂದವು. ಕಲ್ಲಿಗೊಂದು ಸಂಖ್ಯೆ ಇರುತ್ತದೆ, ಸಂಖ್ಯೆ ಹೆಚ್ಚಿದಷ್ಟೂ ಕಲ್ಲು ನಯ. 400 ಬಾಯಿ ಮುರಿದ ಚಾಕುವಿಗೆ, 1000 ಮೊಂಡಾದದ್ದಕ್ಕೆ, 3000 ನುಣುಪಿಗೆ, ಅದರ ಮೇಲಿನವು ಗೀಳಿಗೆ. ನೀರಿನ ಕಲ್ಲನ್ನು ಗುಳ್ಳೆಗಳು ನಿಲ್ಲುವವರೆಗೆ ನೀರಿನಲ್ಲಿ ಮುಳುಗಿಸಿಟ್ಟು, ಅಲಗನ್ನು ಒಂದೊಂದು ಬದಿಗೂ 15ರಿಂದ 20 ಡಿಗ್ರಿ ಓರೆಯಾಗಿ ಹಿಡಿದು ಉಜ್ಜಬೇಕು. ಓದಲಿಕ್ಕೆ ಇಷ್ಟೇ. ಆದರೆ 20 ಡಿಗ್ರಿ ಎಂದರೆ ಎಷ್ಟೆಂದು ಮನುಷ್ಯನ ಮಣಿಕಟ್ಟಿಗೆ ಹುಟ್ಟಿನಿಂದ ಗೊತ್ತಿರುವುದಿಲ್ಲ. ನಾನು ಶಾಲೆಯಲ್ಲಿ ಕಲಿತ ರೇಖಾಗಣಿತವನ್ನು ನೆಚ್ಚಿ, ಕಾಗದದ ಮೂಲೆಯನ್ನು 90ರಿಂದ 45ಕ್ಕೆ, 45ರಿಂದ 22.5ಕ್ಕೆ ಮಡಿಚಿ, ಆ ಪುಟ್ಟ ಬೆಣೆಯನ್ನು ಅಲಗಿನ ಅಡಿಗೆ ಇಟ್ಟು ಉಜ್ಜತೊಡಗಿದೆ. ಹತ್ತು ನಿಮಿಷದಲ್ಲಿ ಕಲ್ಲಿನ ನೀರು ಕುಡಿದ ಕಾಗದ ಕುಸಿಯಿತು, ಕಾಗದದೊಂದಿಗೆ ಕೋನವೂ ಕುಸಿಯಿತು. ಅದನ್ನು ಗಮನಿಸದೆ ಇನ್ನೂ ಅರ್ಧ ಗಂಟೆ ಭಕ್ತಿಯಿಂದ ಉಜ್ಜಿದವನು ನಾನು. ಅಲಗಿನ ಹೊಳೆಯುವ ಪಕ್ಕೆಯ ತುಂಬ ಬೂದುಬಣ್ಣದ ಗೀರುಗಳೆದ್ದವು. ಬಾಯಿ ಮಾತ್ರ ಮೊದಲಿನಂತೆಯೇ, ಬೆಣ್ಣೆಗೂ ಕ್ಷಮೆ ಕೇಳುವಂತೆ, ಉಳಿದಿತ್ತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಕಲ್ಲು ಡೊಂಕು ಎಂದೆ. ತಮಾಷೆಯೆಂದರೆ ಒಂದೇ ಜಾಗದಲ್ಲಿ ಉಜ್ಜಿ ಉಜ್ಜಿ ಅದನ್ನು ನಾನು ನಿಜವಾಗಿಯೂ ತಗ್ಗು ಮಾಡಿದ್ದೆ. ಹೀಗಾಗಿ ಚಾಕು ಮಸೆಯಲು ತಂದ ಕಲ್ಲನ್ನು ಮಟ್ಟಸಗೊಳಿಸಲು ಗಾಜಿನ ಹಲಗೆಯ ಮೇಲೆ ಉಪ್ಪುಕಾಗದ ಹಾಸಿ, ಈ ಸಲ ಕಲ್ಲನ್ನೇ ಮಸೆಯುತ್ತಾ ಒಂದು ಭಾನುವಾರವನ್ನು ಕಳೆದೆ.

ಕೊನೆಗೆ ದಾರಿ ತೋರಿಸಿದ್ದು ಒಂದು ಮಾರ್ಕರ್ ಪೆನ್ನು. ಅಲಗಿನ ಬಾಯಿಗೆ ಕಪ್ಪು ಬಳಿದು ಎರಡು ಸಲ ಉಜ್ಜಿ ನೋಡಿದರೆ, ಶಾಯಿ ಎಲ್ಲಿ ಅಳಿಸಿದೆಯೋ ಅಲ್ಲಿ ಕಲ್ಲು ತಾಗುತ್ತಿದೆಯೆಂದು ಅರ್ಥ. ನನ್ನ ಶಾಯಿ ಮೇಲುಗಡೆ ಅಳಿಸಿತ್ತು, ತುದಿಯ ಅಂಚಿನಲ್ಲಿ ಹಾಗೇ ಇತ್ತು. ಅಂದರೆ ಇಷ್ಟು ದಿನ ನಾನು ಚಾಕುವಿನ ಭುಜವನ್ನು ಮಸೆಯುತ್ತಿದ್ದೆ, ಬಾಯಿಯನ್ನಲ್ಲ. ಬೆನ್ನನ್ನು ಸ್ವಲ್ಪ ಎತ್ತಿ ಹಿಡಿದು ಮತ್ತೆ ಉಜ್ಜಿದಾಗ, ಮರುಬದಿಯಲ್ಲಿ ಬೆರಳಿಗೆ ತರಕಲಾಗಿ ಏನೋ ತಾಗಿತು. ಸವೆದ ಉಕ್ಕು ಅಂಚಿನಾಚೆಗೆ ಕೂದಲೆಳೆಯಂತೆ ಬಾಗಿ ನಿಲ್ಲುವ ಇದನ್ನು ಬಲ್ಲವರು ಬರ್ ಎನ್ನುತ್ತಾರೆ. ಅದು ಬುಡದಿಂದ ಮೊನೆಯವರೆಗೆ ಎದ್ದಿತೆಂದರೆ ಆ ಬದಿ ಮುಗಿಯಿತೆಂದೇ ಲೆಕ್ಕ, ಇನ್ನು ಚಾಕುವನ್ನು ಮಗುಚಬಹುದು. ಎರಡೂ ಬದಿ ಮುಗಿದ ಮೇಲೆ ಹಳೆಯ ಬೆಲ್ಟಿನ ಒಳಮೈಗೆ, ಬಾಯಿ ಹಿಂದಿರುವಂತೆ, ಹತ್ತಿಪ್ಪತ್ತು ಸಲ ಎಳೆದರೆ ಆ ಎಳೆಯೂ ಉದುರುತ್ತದೆ. ಹೌದು, ಅದೇ ಬೆಲ್ಟು. ತೂತಿಲ್ಲದ ಕಾರಣ ಅದಕ್ಕೆ ಬೇರೆ ಕೆಲಸವಿರಲಿಲ್ಲ.

ಹರಿತವಾಯಿತೇ ಎಂದು ತಿಳಿಯಲು ಗಾಳಿಯಲ್ಲಿ ಹಿಡಿದ ಕಾಗದವನ್ನು ಕೊಯ್ದು ನೋಡಬಹುದು. ಆದರೆ ಮುಂಗೈಯ ಕೂದಲು ಬೋಳಿಸಿ ನೋಡುವುದರಲ್ಲಿರುವ ಸುಖ ಕಾಗದದಲ್ಲಿಲ್ಲ. ಮೊದಲ ಸಲ ಎಡಮುಂಗೈಯ ಮೇಲೆ ಅಲಗು ಸರ್ರನೆ ಹರಿದು, ಹಿಂದೆ ಅಂಚೆಚೀಟಿಯಷ್ಟು ಬಯಲು ಉಳಿದಾಗ, ನಾನು ಅಡುಗೆಮನೆ, ಪಡಸಾಲೆ, ಮಹಡಿ ಎಲ್ಲ ಕಡೆ ಹೋಗಿ ಆ ಬಯಲನ್ನು ಪ್ರದರ್ಶಿಸಿದೆ. ದಿನಕ್ಕೊಂದು ಪರೀಕ್ಷೆಯಂತೆ ಬಯಲು ವಿಸ್ತರಿಸಿತು, ತಿಂಗಳೊಪ್ಪತ್ತಿನಲ್ಲಿ ಎಡಗೈ ಮುಗಿದು ಬಲಗೈಗೆ ಬಂದೆ, ಅದಕ್ಕಾಗಿ ಎಡಗೈಯಲ್ಲಿ ಚಾಕು ಹಿಡಿಯುವುದನ್ನು ಕಲಿತೆ. ಕಚೇರಿಯಲ್ಲಿ ಸಹೋದ್ಯೋಗಿಯೊಬ್ಬರು ತಗ್ಗಿದ ದನಿಯಲ್ಲಿ, “ಚರ್ಮದ ಡಾಕ್ಟರಿಗೆ ತೋರಿಸಿದಿರಾ ಸರ್?” ಎಂದು ಕೇಳಿದರು. ನಾನು ಜೇಬಿನಿಂದ ಚಾಕು ತೆಗೆದು ವಿವರಿಸಲು ಹೊರಟದ್ದು ತಪ್ಪು ಕ್ರಮವಾಗಿತ್ತೆಂದು, ಅವರು ಕುರ್ಚಿಯನ್ನು ಹಿಂದಕ್ಕೆ ಸರಿಸಿದ ವೇಗದಿಂದ ಅರ್ಥವಾಯಿತು.

ಇಷ್ಟೆಲ್ಲ ನಡೆಯುತ್ತಿರುವಾಗ ನನ್ನ ಹೆಂಡತಿ ಒಂದು ಸಂಜೆ ಅಡುಗೆಮನೆಯ ಚಾಕುವನ್ನು ಕೈಗೆತ್ತಿಕೊಂಡು, ಪಿಂಗಾಣಿ ಲೋಟವನ್ನು ಬೋರಲು ಹಾಕಿ, ಅದರ ತಳದ ಮೆರುಗಿಲ್ಲದ ಒರಟು ಬಳೆಗೆ ಆಚೆಗೆ ನಾಲ್ಕು ಸಲ, ಈಚೆಗೆ ನಾಲ್ಕು ಸಲ ಎಳೆದು, ಒರೆಸಿ, ಕೆಲಸ ಮುಂದುವರಿಸಿದಳು. ಆ ಚಾಕು ನನ್ನದರಷ್ಟೇ ಸಲೀಸಾಗಿ ಕೊಯ್ಯುತ್ತಿತ್ತು. ಕೋನ ಎಷ್ಟಿಟ್ಟೆಯೆಂದು ಕೇಳಿದೆ. “ಏನು ಕೋನ?” ಎಂದಳು. ಪಿಂಗಾಣಿ ಉಕ್ಕಿಗಿಂತ ಗಡಸು, ಆದ್ದರಿಂದ ಇದು ಸಾಧ್ಯವೆಂದು ನಾನು ಶಾಸ್ತ್ರೋಕ್ತವಾಗಿ ಸಮರ್ಥಿಸಿದೆ. ಅವಳಿಗೆ ಸಮರ್ಥನೆ ಬೇಕಿರಲಿಲ್ಲ.

ಈಗ ನನ್ನ ಚಾಕುವಿನ ಬಾಯಿ ಮುಖ ಕಾಣುವಷ್ಟು ನುಣುಪಾಗಿದೆ. ಇಂಥ ಬಾಯಿಯನ್ನು ರಟ್ಟಿಗೆ ಹಚ್ಚಲು ಯಾರಿಗೆ ಮನಸ್ಸು ಬರುತ್ತದೆ? ಮೊನ್ನೆ ಪೆಟ್ಟಿಗೆಯೊಂದು ಬಂದಾಗ ಹೆಂಡತಿ ಕೈ ಚಾಚಿ, “ರೀ, ನಿಮ್ಮ ಚಾಕು ಕೊಡಿ” ಎಂದಳು. ನಾನು ಜೇಬಿನ ಮೇಲೆ ಅಂಗೈಯಿಟ್ಟುಕೊಂಡು ಸ್ವಲ್ಪ ಹೊತ್ತು ನಿಂತೆ. ಅವಳು ಏನೂ ಹೇಳದೆ ಬಾಗಿಲಿನ ಬೀಗದಕೈಯನ್ನು ತೆಗೆದು ಟೇಪನ್ನು ಪರ್ರನೆ ಹರಿದಳು, ಒಳಗಿನ ಹುಲ್ಲುಕಾಗದವನ್ನು ಸರಿಸಿದಳು, ಇಟ್ಟಿಗೆಯಾಕಾರದ ವಸ್ತುವನ್ನು ಎರಡೂ ಕೈಯಲ್ಲಿ ಎತ್ತಿ ಅದರ ಪಕ್ಕೆಯಲ್ಲಿದ್ದ ಸಂಖ್ಯೆಯನ್ನು ಗಟ್ಟಿಯಾಗಿ ಓದಿದಳು.

“ಎಂಟು ಸಾವಿರ.”