ಕಪಾಟಿನ ಕಾರ್ಡು, ಕಾರಿನ ಬಾಡಿಗೆ

ಅಮ್ಮನ ಬಿಪಿ ಮಾತ್ರೆ ಮುಗಿಯುತ್ತ ಬಂದಾಗಲೆಲ್ಲ ನಮ್ಮ ಮನೆಯಲ್ಲಿ ಒಂದು ಲೆಕ್ಕಾಚಾರ ಶುರುವಾಗುತ್ತದೆ. ಹೊಸನಗರ ತಾಲ್ಲೂಕಿನಲ್ಲಿ ನಗರ ಎಂಬ ಊರಿನಿಂದಲೂ ಆಚೆಗಿರುವ ನಮ್ಮ ಮನೆಯಿಂದ ಶಿವಮೊಗ್ಗದ ವೈದ್ಯರಲ್ಲಿಗೆ ಹೋಗಿಬರಲು ಕಾರಿಗೆ ಕೊಡುವ ಬಾಡಿಗೆ, ಮಾತ್ರೆಯ ಬೆಲೆಯ ಎಷ್ಟೋ ಪಟ್ಟಾಗುತ್ತದೆ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯರ ಹುದ್ದೆ ಖಾಲಿಯಿದೆ. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆಯ ಭರವಸೆ ಕೊಡುವ ಆಯುಷ್ಮಾನ್ ಕಾರ್ಡು ಕಪಾಟಿನಲ್ಲಿದೆ. ಆದರೆ ಅದು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರ ಖರ್ಚಿಗೆ ಆಗಿಬರುವ ಕಾರ್ಡು, ತಿಂಗಳ ಮಾತ್ರೆಗೂ ಬಾಡಿಗೆಗೂ ಅಲ್ಲ.

ದೀಪಾವಳಿಗೆ ಇಂಗ್ಲೆಂಡಿನಿಂದ ಬಂದಿದ್ದ ಅಕ್ಕನ ಮಗ, ನಾನು ಇದನ್ನು ಅಲ್ಲಿನ ಸರ್ಕಾರಿ ಚಿಕಿತ್ಸೆಗೆ ಹೋಲಿಸಿದ್ದನ್ನು ಕೇಳಿ, ‘ಅದು ಶ್ರೀಮಂತ ದೇಶ ಮಾವ, ಹೋಲಿಸಬೇಡಿ’ ಎಂದ. ನನಗೆ ಈ ಮಾತು ಒಪ್ಪಿಗೆಯಾಗಲಿಲ್ಲ. ಬ್ರಿಟನ್ನಿನಲ್ಲಿ ಎಲ್ಲರಿಗೂ ಸರ್ಕಾರದ ಖರ್ಚಿನಲ್ಲಿ ಚಿಕಿತ್ಸೆ ಕೊಡುವ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾದದ್ದು 1948ರ ಜುಲೈ 5ರಂದು. ಆಗ ಆ ದೇಶ ಯುದ್ಧದಲ್ಲಿ ಜರ್ಝರಿತವಾಗಿತ್ತು, ಸಾಲದಲ್ಲಿತ್ತು, ಅಲ್ಲಿ ಮಾಂಸ, ಸಕ್ಕರೆಗಳಿಗೆ ಇನ್ನೂ ರೇಷನ್ ಇತ್ತು. ಅದಕ್ಕೂ ಎರಡು ವರ್ಷ ಮೊದಲೇ, 1946ರಲ್ಲಿ, ನಮ್ಮಲ್ಲಿ ದೇಶದ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಿದ ಭೋರ್ ಸಮಿತಿ, ಹಣ ಕೊಡಲಾಗದ ಕಾರಣಕ್ಕೆ ಯಾರೂ ಚಿಕಿತ್ಸೆಯಿಂದ ವಂಚಿತರಾಗಬಾರದೆಂದು ವರದಿ ಕೊಟ್ಟಿತ್ತು. ಪ್ರಾಥಮಿಕ ಆರೋಗ್ಯ ಕೇಂದ್ರವೆಂಬ ಕಲ್ಪನೆ ನಮಗೆ ದಕ್ಕಿದ್ದು ಆ ವರದಿಯಿಂದಲೇ.

ಇನ್ನೊಂದು ಕಡೆ ಅಮೆರಿಕವನ್ನು ನೋಡಿ. ತನ್ನ ಒಟ್ಟು ಉತ್ಪನ್ನದ ಶೇ 17ರಷ್ಟನ್ನು ಆರೋಗ್ಯಕ್ಕೆ ಸುರಿಯುವ ಆ ದೇಶದಲ್ಲಿ 2023ರಲ್ಲೂ ಎರಡೂವರೆ ಕೋಟಿಗೂ ಹೆಚ್ಚು ಜನಕ್ಕೆ ಯಾವ ವಿಮೆಯೂ ಇರಲಿಲ್ಲ. ಅಲ್ಲಿಯ ಸರಾಸರಿ ಆಯಸ್ಸು ಬ್ರಿಟನ್ನಿಗಿಂತಲೂ ಕಡಿಮೆ. ಹಾಗೆಂದು ಬ್ರಿಟನ್ ಸ್ವರ್ಗವೇನಲ್ಲ. ಇಂಗ್ಲೆಂಡಿನಲ್ಲಿ ಚಿಕಿತ್ಸೆಗೆ ಕಾಯುವ ಪ್ರಕರಣಗಳ ಪಟ್ಟಿ 2022ರಲ್ಲೇ 70 ಲಕ್ಷ ದಾಟಿತ್ತು, ಮಂಡಿಯ ಶಸ್ತ್ರಚಿಕಿತ್ಸೆಗೆ ತಿಂಗಳುಗಟ್ಟಲೆ ಕಾಯುವವರ ಕಥೆಗಳನ್ನು ಅಕ್ಕನ ಮಗನೇ ಹೇಳಿದ.

ನನಗೆ ಹೆಚ್ಚು ಹತ್ತಿರವೆನಿಸುವುದು ಥಾಯ್ಲೆಂಡ್. 30 ಬಾತ್‌ಗೆ (ಬಾತ್ ಅಲ್ಲಿನ ನಾಣ್ಯ) ಚಿಕಿತ್ಸೆ ಕೊಡುವ ಅಲ್ಲಿನ ಯೋಜನೆ 2002ರಲ್ಲಿ ದೇಶವಿಡೀ ಜಾರಿಯಾಯಿತೆಂದು ಎಲ್ಲರೂ ಹೊಗಳುತ್ತಾರೆ. ಆದರೆ ಅದಕ್ಕೆ ಇಪ್ಪತ್ತು ವರ್ಷ ಮೊದಲೇ ಅವರು ಪಟ್ಟಣದ ದೊಡ್ಡ ಆಸ್ಪತ್ರೆಗಳ ವಿಸ್ತರಣೆಯನ್ನು ಕೆಲವು ವರ್ಷ ತಡೆಹಿಡಿದು, ಆ ಹಣವನ್ನು ಹಳ್ಳಿಗಾಡಿನ ಆಸ್ಪತ್ರೆಗಳಿಗೆ ತಿರುಗಿಸಿದ್ದರು. ಹಳ್ಳಿಯ ಬಳಿ ವೈದ್ಯರು ಕೂತ ಮೇಲೆ ಚಿಕಿತ್ಸೆಯ ಕಾರ್ಡು ಬಂತು. ನಾವು ಕಾರ್ಡನ್ನು ಮೊದಲು ಹಂಚಿದೆವು. ಶ್ರೀಲಂಕಾದಲ್ಲಿ ಸರ್ಕಾರಿ ಸಂಬಳದ ಸೂಲಗಿತ್ತಿ ಬಸುರಿಯ ಮನೆಗೇ ಹೋಗುತ್ತಾಳೆ. ನಮ್ಮ ಆಶಾ ಕಾರ್ಯಕರ್ತೆಗೆ ಅದೇ ಓಡಾಟಕ್ಕೆ ಗೌರವಧನ, ಅದಕ್ಕೂ ಆಗಾಗ ಮುಷ್ಕರ.

ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆ ಇಂದಿಗೂ ಬೇಸಿಗೆ ಬಂತೆಂದರೆ ನಮ್ಮನ್ನು ಹೆದರಿಸುತ್ತದೆ. 2019ರ ಹೊತ್ತಿನಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಜನ ಪಟ್ಟ ಪಾಡನ್ನು ಮರೆತವರಿಲ್ಲ. ಆ ವೈರಾಣುವಿಗೆ ನೇರ ಔಷಧಿಯಿಲ್ಲ. ಕಾಯಿಲೆ ಹರಡುವ ಉಣುಗು (ಉಣ್ಣೆ ಹುಳ) ಹತ್ತದಂತೆ ಕಾಡಿಗೆ ದರಗು (ಒಣ ಎಲೆ) ತರಲು ಹೋಗುವವರ ಕೈಕಾಲಿಗೆ ಎಣ್ಣೆ ಹಚ್ಚಿಸುವುದು, ಸತ್ತ ಮಂಗ ಕಂಡರೆ ಸುದ್ದಿ ಮುಟ್ಟಿಸುವುದು, ಜ್ವರ ಬಂದವರ ರಕ್ತವನ್ನು ಬೇಗ ಪರೀಕ್ಷೆಗೆ ಕಳಿಸುವುದು, ಇಷ್ಟೇ ರಕ್ಷಣೆ. ಇದೆಲ್ಲ ಊರಿನಲ್ಲೇ ಇರುವ ಮನುಷ್ಯರು ಮಾಡಬೇಕಾದ ಕೆಲಸ, ಇದನ್ನು ಯಾವ ವಿಮಾ ಕಂತೂ ಕೊಂಡುಕೊಡಲಾರದು.

ಗುಡ್ಡಗಾಡಿನಲ್ಲಿ 20,000 ಜನಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರವೆಂದು ನಿಯಮವಿದೆ, ಕಟ್ಟಡಗಳೂ ಬಹುಪಾಲು ಇವೆ. 2017ರ ರಾಷ್ಟ್ರೀಯ ಆರೋಗ್ಯ ನೀತಿ 2025ರೊಳಗೆ ಸರ್ಕಾರಿ ವೆಚ್ಚವನ್ನು ಜಿಡಿಪಿಯ ಶೇ 2.5ಕ್ಕೆ ಏರಿಸುವುದಾಗಿ ಹೇಳಿತ್ತು. 2021-22ರಲ್ಲಿ ಅದು ಶೇ 1.84 ಇತ್ತು. ಹೆಚ್ಚುವ ಹಣದ ಮೊದಲ ಪಾಲು ಆ ಕಟ್ಟಡಗಳೊಳಗಿನ ಖಾಲಿ ಕುರ್ಚಿಗಳಿಗೆ ಹೋಗಲಿ ಎಂಬುದಷ್ಟೇ ನನ್ನ ವಾದ. (ನನ್ನನ್ನು ಕೇಳಿದರೆ, ಇತ್ತೀಚೆಗೆ ನಮ್ಮ ಜಿಲ್ಲೆಗೆ ಬಂದ ಅತಿದೊಡ್ಡ ಆರೋಗ್ಯ ಯೋಜನೆ 2025ರ ಜುಲೈನಲ್ಲಿ ತೆರೆದ ಸಿಗಂದೂರು ಸೇತುವೆ. ಸೇತುವೆಯಿಲ್ಲದ ಕಾಲದಲ್ಲಿ, ಹಿನ್ನೀರು ದಾಟಿಸುವ ಲಾಂಚ್ ರಾತ್ರಿ ನಿಂತ ಮೇಲೆ ಹೆರಿಗೆ ನೋವು ಬಂದರೆ ಏನು ಗತಿಯಾಗುತ್ತಿತ್ತು ಎಂಬುದನ್ನು ಶರಾವತಿ ಹಿನ್ನೀರಿನಾಚೆಯ ತುಮರಿಯ ಕಡೆಯವರನ್ನೇ ಕೇಳಬೇಕು.)

ಮೊನ್ನೆಯೂ ಕಾರು ಹೇಳಿ ಅಮ್ಮನನ್ನು ಕರೆದೊಯ್ದೆ. ವೈದ್ಯರು ಎರಡು ನಿಮಿಷ ಪಟ್ಟಿ ಕಟ್ಟಿ ಬಿಪಿ ನೋಡಿ, ಅದೇ ಮಾತ್ರೆಯನ್ನು ಮುಂದುವರಿಸಿ ಎಂದರು.